ಫಾಯಿಲ್ ಪೊಟ್ಟಣ

ಗಿಂಡಿ, ಚೆನ್ನೈ

ಅತ್ತೆಯವರಿಗೆ ಶ್ರೀವಿದ್ಯಾಳ ನಮಸ್ಕಾರ.

“ಮುಖದ ಮೇಲೆ ಗುರುತೇ ಇಲ್ವಲ್ಲಮ್ಮ, ಹೊಡ್ದ ಅಂತ ಹೆಂಗೆ ನಂಬೋದು?” ಎಂದು ವಿಡಿಯೋ ಕಾಲಿನಲ್ಲಿ ಕೇಳಿದಿರಿ. ಬಾವು ಇಳಿದಿತ್ತು, ನಿಜ.

ನನ್ನ ಕೆಲಸ ಏನೆಂದು ನೀವು ಕೇಳಿದವರಲ್ಲ. ಧ್ರುವದ ಕಡಲಿನ ಮಂಜುಗಡ್ಡೆಯೊಳಗೆ ಒಂದು ಪಾಚಿ ಬೆಳೆಯುತ್ತದೆ. ಗಡ್ಡೆ ಕರಗಿದರೆ ಅದು ಸತ್ತು ತಳ ಸೇರುತ್ತದೆ. ಅದರ ಜಿಡ್ಡು ಸಾವಿರಾರು ವರ್ಷ ಕೆಸರಿನಲ್ಲಿ ಉಳಿಯುತ್ತದೆ. ಅದು ಸಿಕ್ಕರೆ, ಅಲ್ಲಿ ಮಂಜುಗಡ್ಡೆ ಇತ್ತೆಂದು ಹೇಳುತ್ತೇವೆ. ನಮ್ಮ ಕೈಯ ಜಿಡ್ಡು ತಾಗಿದರೆ ಕೆಸರು ಕೆಡುತ್ತದೆ. ಅದಕ್ಕೇ ಬರಿಗೈಯಲ್ಲಿ ಮುಟ್ಟದೆ ಫಾಯಿಲ್‌ನಲ್ಲಿ ಸುತ್ತಿಡುತ್ತೇವೆ.

ಆ ದಿನ ನಿಮ್ಮ ಮಗ ನನ್ನ ಜುಟ್ಟು ಹಿಡಿದು ಮುಖವನ್ನು ಅಡುಗೆಕಟ್ಟೆಗೆ ಅಪ್ಪಳಿಸಿದ. ಎರಡನೆಯ ಸಲ ಅಪ್ಪಳಿಸಿದಾಗ ದವಡೆಹಲ್ಲು ಮುರಿದು ಸಿಂಕಿಗೆ ಬಿತ್ತು. “ರಕ್ತ ಒರ್ಸು, ಕೆಲ್ಸದವಳು ಬರ್ತಾಳೆ” ಎಂದ. ಒರೆಸಿದೆ. ಆಮೇಲೆ ಹಲ್ಲು, ಆ ಬಟ್ಟೆ, ಅವನ ಮುಷ್ಟಿಯಲ್ಲಿ ಕಿತ್ತುಬಂದ ನನ್ನ ಕೂದಲು, ಎಲ್ಲವನ್ನೂ ಚಿಮಟದಲ್ಲಿ ಎತ್ತಿ ಲ್ಯಾಬಿನ ಫಾಯಿಲ್‌ನಲ್ಲಿ ಸುತ್ತಿದೆ.

ನಿಮ್ಮ ಬೀರುವಿನಲ್ಲಿರುವ ನನ್ನ ಎಂ.ಎಸ್ಸಿ. ಸರ್ಟಿಫಿಕೇಟನ್ನು ಇಲ್ಲಿನ ಹಾಸ್ಟೆಲ್ಲಿಗೆ ಕಳಿಸಿಕೊಡಿ.

ಜೊತೆಗಿರುವ ಪೊಟ್ಟಣದಲ್ಲಿ ಒಂದಿಷ್ಟು ಕೂದಲಿದೆ. ಮಿಕ್ಕಿದ್ದೆಲ್ಲ ಪೊಲೀಸರ ಕೈಸೇರಿದೆ. ಹಾಗಾಗಿ ನೀವು ಇದನ್ನು ಬರಿಗೈಯಲ್ಲೇ ಮುಟ್ಟಿ ನೋಡಬಹುದು.

ಇಂತಿ,
ಶ್ರೀವಿದ್ಯಾ