ಹಿರಿಯಳು ಬೇಡಿದ ಉಪ್ಪು

ಹುಬ್ಬಳ್ಳಿ ದವಾಖಾನೆ
೧೨-೮-೧೯೭೪

ಮಾತೋಶ್ರೀ ಅವ್ವನ ಪಾದಗಳಿಗೆ ಮಗಳು ರೇವವ್ವ ಮಾಡುವ ಶರಣು.

ಪತ್ರ ತಡವಾಯಿತೆಂದು ಸಿಟ್ಟಾಗಬೇಡ. ಪೆನ್ನು ಹಿಡಿಯಲು ಕೈಯಲ್ಲಿ ಕಸುವಿರಲಿಲ್ಲ. ಈಗ ಎದ್ದು ಕೂಡುತ್ತೇನೆ, ಬಾಜು ಮಂಚದ ರೋಗಿ ಮೆಹರುನಬಿಯ ಜೊತೆ ಜಗಳವನ್ನೂ ಆಡುತ್ತೇನೆ. ಅಂದರೆ ಬದುಕಿದ್ದೇನೆ ಎಂದು ತಿಳಿ.

ನೀನು ತಿರ್ಲಾಪುರಕ್ಕೆ ಕೊಟ್ಟ ಮಗಳು ಬೆಳ್ಳಗಿದ್ದಳಲ್ಲ, ಆ ಮೈ ಬೇಸಿಗೆಯಿಂದ ಕಪ್ಪಾಗುತ್ತ ಬಂತು. ಬಿಸಿಲೆಂದುಕೊಂಡೆ. ಆದರೆ ಅಂಗೈಗೆರೆಗಳೂ ಒಸಡೂ ಕಪ್ಪಾದವು. ಬಾಯೊಳಗೆ ಯಾವ ಬಿಸಿಲು? ಕನ್ನಡಿಯಲ್ಲಿ ದಿನಕ್ಕಿಷ್ಟು ಬೇರೆ ಯಾರೋ ಆಗುತ್ತಿದ್ದೆ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಉಪ್ಪು ಮಾತ್ರ ಬೇಕು, ಹರಳುಪ್ಪನ್ನೇ ಕಡಿಯುತ್ತಿದ್ದೆ. ಒಂದು ಮಧ್ಯಾಹ್ನ ನಮ್ಮನೆಯವರ ತೀರಿಹೋದ ಮೊದಲ ಹೆಂಡತಿ ಸಾವಂತ್ರೆವ್ವನ ಮಗಳು ಅದನ್ನು ನೋಡಿದಳು. ನನ್ನನ್ನು ಸದಾ ಚಿಗವ್ವ ಅನ್ನುವ ಕೂಸು ಅವತ್ತು, "ಅವ್ವಾ, ಯಾವಾಗ ಬಂದಿ?" ಅಂದಿತು.

ಅತ್ತೆ ಕೈಯಲ್ಲಿದ್ದ ಮೊರ ಬಿಟ್ಟರು. ಸಾವಂತ್ರೆವ್ವನೂ ಕಡೆಗೆ ಹೀಗೇ ಕಪ್ಪಾಗಿ, ಉಪ್ಪು ಬೇಡಿ ಬೇಡಿ ಸತ್ತಿದ್ದಳಂತೆ. ಎರಡನೇ ಸಂಬಂಧಕ್ಕೆ ಬಂದವಳೆಂದು, ಸತ್ತ ಹಿರಿಯಳು ಕಾಡದಿರಲೆಂದು ನನ್ನ ಕೊರಳಿಗೆ ಅವಳ ಮುಖ ಬಡಿಸಿದ ಬೆಳ್ಳಿ ತಗಡು ಕಟ್ಟಿದ್ದಾರಲ್ಲ, ಅದರಿಂದಲೇ ನನ್ನ ಮೈಯೊಳಗೆ ಹೊಕ್ಕಳು ಅಂದರು. "ಉಪ್ಪ ಬೇಡೂದು ಇಕಿ ಅಲ್ಲ, ಅಕಿ. ಸಪ್ಪನ ಊಟಾ ಹಾಕ್ರಿ, ತಾನ ಬಿಟ್ಟ ಹೋಗತಾಳ" ಎಂದು ಉಪ್ಪಿನ ಗಡಿಗೆಯನ್ನು ಅಟ್ಟಕ್ಕೇರಿಸಿದರು. ಸಪ್ಪೆ ನುಚ್ಚು ಉಣ್ಣುತ್ತ, ಒಳಗೆ ಬೇಡುವವಳು ಯಾರೆಂದು ನನಗೇ ಗೊತ್ತಾಗದಾಯಿತು. ಬಹಳ ಅಂಜಿದ್ದೆನವ್ವ. ಎಚ್ಚರ ತಪ್ಪಿ ಬಿದ್ದ ಮೇಲೆ ನಮ್ಮನೆಯವರು ತಾಯಿಯ ಮಾತು ಮೀರಿ ಇಲ್ಲಿಗೆ ತಂದರು.

ಡಾಕ್ಟರು ರಕ್ತ ತಪಾಸಣೆ ಮಾಡಿ ಇವರಿಗೆ ಹೇಳಿದರು: "ರಕ್ತದಾಗ ಉಪ್ಪ ಅಗದಿ ಇಳದೈತ್ರಿ. ಮೂತ್ರಪಿಂಡದ ಮ್ಯಾಲಿನ ಗ್ರಂಥಿ ಸೋತಾವ. ಮೈನ ಉಪ್ಪ ಬೇಡತಿತ್ತು. ಮನ್ಯಾಗ ಕ್ಷಯದ ಕೆಮ್ಮ ಯಾರಿಗೈತ್ರಿ?" ಇವರು "ನಮ್ಮವ್ವಗ" ಅಂದರು. ಅತ್ತೆಯ ಕೆಮ್ಮು ನಿನಗೂ ಗೊತ್ತು. ಆ ಕ್ಷಯವೇ ನನ್ನ ಗ್ರಂಥಿ ತಿಂದಿತಂತೆ, ಸಾವಂತ್ರೆವ್ವನದೂ ಹಾಗೇ ಇರಬಹುದಂತೆ. ಅವಳು ಯಾರನ್ನೂ ಹಿಡಿದಿರಲಿಲ್ಲ. ನನ್ನ ಹಾಗೇ ಬೇನೆಬಿದ್ದು ಹೋದಳು, ಪಾಪ. ಗುಳಿಗೆ ಜನ್ಮಪೂರ್ತಿ ನುಂಗಬೇಕು. ನುಂಗುತ್ತೇನೆ.

ಅಪ್ಪನಿಗೆ ಶರಣು. ತಂಗಿ ನೀಲವ್ವ ನೂರು ವರ್ಷ ಬಾಳಲಿ.

ನಿನ್ನ ಮಗಳು
ರೇವವ್ವ

ತಾ.ಕ.: ನಿನ್ನೆ ಅತ್ತೆ ನೋಡಲು ಬಂದಿದ್ದರು. ನಾನು ಎಚ್ಚರವಿಲ್ಲದೆ ಮಲಗಿದ್ದಾಗಲೇ ನಿಮ್ಮಲ್ಲಿಗೆ ಬಂದು, ನನ್ನ ಜಾಗಕ್ಕೆ, ಇವರಿಗೇ ನೀಲವ್ವನನ್ನು ಕೇಳಿದರಂತೆ. "ನಿಮ್ಮವ್ವನ ಕೈಲೆನ ಒಪ್ಪಿಗಿ ವೀಳ್ಯಾ ತುಗೊಂಡೀವಿ" ಅಂದರು. ಅವ್ವಾ, ನಾನಿನ್ನೂ ಇದ್ದೇನೆ. ಅವಳನ್ನು ತಿರ್ಲಾಪುರಕ್ಕೆ ಕೊಡಬೇಡ. ವೀಳ್ಯ ಕೊಡುವಾಗ ನಿನ್ನ ಕಣ್ಣಲ್ಲಿ ನೀರು ಬಂತೋ ಇಲ್ಲವೋ, ಅದೊಂದನ್ನು ಬರಿ.