ಹುಲಿಗೆಮ್ಮನ ಪಾಲಿನ ನೀರು

ತುಂಗಭದ್ರೆಯ ಎಡದಂಡೆ, ಮಾನ್ವಿ ಸೀಮೆ
17 ಫೆಬ್ರವರಿ 2168

ಪೂಜ್ಯ ದ್ಯಾವಮ್ಮನವರಿಗೆ ಯಂಕೋಬನ ನಮಸ್ಕಾರಗಳು.

ತಾರೀಖು ನೋಡಿ ಕಾಗದವನ್ನು ಪಕ್ಕಕ್ಕೆ ಇಡಬೇಡಿರೆಂದು ಮೊದಲು ಕೇಳಿಕೊಳ್ಳುತ್ತೇನೆ. ನಾನು ನಿಮ್ಮ ಮರಿಮಗಳ ಮರಿಮಗಳಾದ ಹುಲಿಗೆಮ್ಮನ ಗಂಡ. ನೀವಿದ್ದ ಕಾಲಕ್ಕೂ ನಮಗೂ ನಡುವೆ ನೂರ ನಲವತ್ತು ವರ್ಷ ಕಳೆದಿವೆ. ನನ್ನ ಕೆಲವು ಮಾತು ನಿಮಗೆ ಅರ್ಥವಾಗಲಿಕ್ಕಿಲ್ಲ, ಕ್ಷಮೆಯಿರಲಿ. ಇದು ನಿಮ್ಮ ಕೈ ಸೇರುವುದಿಲ್ಲ ಎಂಬುದೂ ನನಗೆ ಗೊತ್ತಿದೆ. ಆದರೂ ಬರೆಯುತ್ತಿರುವುದು, ಹಿತ್ತಲಲ್ಲಿ ಕರಬೂಜ ಬೆಳೆಯುವ ಬಗ್ಗೆ ನೀವು ಬರೆದಿಟ್ಟ ನೋಟುಬುಕ್ಕು ಈಗ ನನ್ನ ತೊಡೆಯ ಮೇಲಿದೆ, ಮತ್ತು ಎರಡೂವರೆ ತಿಂಗಳಿನಿಂದ ನನಗೆ ಬೇರೆ ಯಾರೂ ಏನು ಮಾಡಬೇಕೆಂದು ಹೇಳಿಲ್ಲ ಎಂಬ ಕಾರಣಕ್ಕೆ.

ಹುಲಿಗೆಮ್ಮ ಡಿಸೆಂಬರ್ ಒಂದರಂದು ತೀರಿಕೊಂಡಳು. ಹಿತ್ತಲ ಮೆಟ್ಟಿಲ ಮೇಲೆ ಕೂತಂತೆ ಇದ್ದಳು, ನೀರಿನ ಚೆಂಬು ಮಗ್ಗುಲಲ್ಲೇ ಇತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ. ಎದೆ ನಿಂತಿದೆ ಎಂದರು. ಮಣ್ಣು ಮಾಡಿ ಬಂದೆವು. ನಾನು ಅಳಲಿಲ್ಲ. ಬಂದವರು ನನ್ನ ಮುಖ ನೋಡಿ ತಾವೂ ಅಳು ನಿಲ್ಲಿಸುತ್ತಿದ್ದರು. ಅನ್ನಕ್ಕೆ ರುಚಿಯಿರಲಿಲ್ಲ, ಸಾರಿಗೆ ವಾಸನೆಯಿರಲಿಲ್ಲ, ಯಾರಾದರೂ ಕೈ ಹಿಡಿದರೆ ಬೇರೊಬ್ಬರ ಕೈ ಹಿಡಿದಂತೆ ತೋರುತ್ತಿತ್ತು.

ಅವಳು ನವೆಂಬರ್ ಮೊದಲ ವಾರದಲ್ಲಿ ಆರು ಗುಂಡಿ ತೋಡಿ, ಮರಳು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ, ಬೀಜ ಊರಿದ್ದಳು. ನೀವು ಜನವರಿಯಲ್ಲಿ ಊರಬೇಕೆಂದು ಬರೆದಿದ್ದೀರಿ. ಈಗ ಜನವರಿಯಲ್ಲಿ ಊರಿದರೆ ಹೂವು ಬಿಡುವ ಹೊತ್ತಿಗೆ ಎಲೆ ಸುಟ್ಟುಹೋಗುತ್ತದೆ. ನಮ್ಮಲ್ಲಿ ಚಳಿಗಾಲದಲ್ಲೂ ಹನ್ನೊಂದರಿಂದ ನಾಲ್ಕರವರೆಗೆ ಮುಚ್ಚುಹೊತ್ತು. ಎಂದರೆ ಬಾಗಿಲು ಹಾಕಿಕೊಂಡು ಒಳಗೇ ಇರಬೇಕಾದ ಹೊತ್ತು. ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಗಿಡಗಳಿಗೆ ಮೇಲೆ ನೆರಳುಬಟ್ಟೆ ಕಟ್ಟುತ್ತೇವೆ. ನೀರು ನಲ್ಲಿಯಲ್ಲಿ ಬರುವುದಿಲ್ಲ. ತಲೆಗೆ ಇಷ್ಟೆಂದು ಪಾಲುನೀರು ಇದೆ. ನೀರಗಂಟಿ ದಿನಾ ಬೆಳಿಗ್ಗೆ ಗಾಡಿ ತಂದು ಅಳೆದು ಹಾಕುತ್ತಾಳೆ. ನಮ್ಮ ಓಣಿಯ ನೀರಗಂಟಿಯ ಹೆಸರು ಖಾಜಾಬಿ.

ಮನೆಯಲ್ಲಿ ಯಾರಾದರೂ ಸತ್ತರೆ, ಮನೆಯವರೇ ನೀರಿನ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬರಬೇಕು. ಆಗ ಸತ್ತವರ ಪಾಲು ನಿಲ್ಲುತ್ತದೆ. ನಾನು ಹೋಗಲಿಲ್ಲ. ಮೊದಲ ವಾರ ಅದು ನೆನಪಾಗಲಿಲ್ಲ. ಎರಡನೆಯ ವಾರ ಹಿತ್ತಲಿಗೆ ಹೋಗಿ ನೋಡಿದರೆ ಬಳ್ಳಿಗಳು ಒಂದು ಗೇಣು ಬೆಳೆದು ತಲೆ ಬಾಗಿಸಿದ್ದವು. ಅವಳ ಪಾಲನ್ನು ಅವುಗಳಿಗೆ ಹೊಯ್ದೆ. ಪ್ರೀತಿಯಿಂದ ಹೊಯ್ದೆನೆಂದು ತಿಳಿಯಬೇಡಿ. ಕೊಡದಲ್ಲಿ ನೀರಿತ್ತು, ಮುಂದೆ ಗಿಡವಿತ್ತು.

ಆಮೇಲೆ ನಿಮ್ಮ ನೋಟುಬುಕ್ಕನ್ನು ಕಪಾಟಿನಿಂದ ತೆಗೆದೆ. ದಿನಕ್ಕೊಂದು ಪುಟಕ್ಕಿಂತ ಹೆಚ್ಚು ಓದಲು ಆಗುತ್ತಿರಲಿಲ್ಲ. ಎಲೆಯ ಮೇಲೆ ನೀರು ಹಾಕಬೇಡಿ, ಬೂದಿ ರೋಗ ಬರುತ್ತದೆ ಎಂದಿದ್ದೀರಿ, ಬುಡಕ್ಕಷ್ಟೇ ಹಾಕಿದೆ. ಹೂವು ಬಿಟ್ಟ ಪುಟದಲ್ಲಿ ನೀವು ಒಂದೇ ಸಾಲು ಬರೆದಿದ್ದೀರಿ: "ಜೇನುಹುಳ ಬರುತ್ತವೆ, ನಾವು ಮಾಡುವುದು ಏನೂ ಇಲ್ಲ." ತಾಯಿ, ನಾನು ಜೇನುಹುಳವನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ. ಆ ಸಾಲನ್ನು ಹಿಡಿದುಕೊಂಡು ಹಳದಿ ಹೂವುಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಖಾಜಾಬಿ ನೀರು ಹಾಕಿ ಹೊರಟವಳು ತಿರುಗಿ ಬಂದಳು.

"ಕಾಕಾ, ಅದು ಗಂಡು ಹೂವು. ಬೆನ್ನಿಗೆ ಸಣ್ಣ ಕಾಯಿ ಹೊತ್ಕೊಂಡಿರ್ತೈತಲ್ಲ, ಅದು ಹೆಣ್ಣು. ಹುಲಿಗೆಮ್ಮ ಚಿಗವ್ವ ಗಂಡು ಹೂವು ಕಿತ್ತಿ, ಎಸಳು ತೆಗದು, ಇದಕ್ಕ ಹಿಂಗ ಸವರ್ತಿದ್ಲು. ಬಿಸಲು ಏರೂದ್ರೊಳಗ ಆಗ್ಬೇಕು ನೋಡ್ರಿ."

"ನಿನಗ ಹೆಂಗ ಗೊತ್ತು?" ಎಂದೆ.

"ದಿನಾ ನೋಡ್ತಿದ್ನಲ್ರಿ," ಎಂದಳು.

ಐದು ದಿನ ಸವರಿದೆ. ಒಂಬತ್ತು ಕಾಯಿ ನಿಂತವು. ಕಾಯಿಯ ಕೆಳಗೆ ಹೆಂಚಿನ ಚೂರು ಇಡಬೇಕೆಂದಿದ್ದೀರಿ, ಇಟ್ಟೆ. ಜನವರಿ ಇಪ್ಪತ್ತರ ಹೊತ್ತಿಗೆ ಕಾಯಿಗಳ ಮೇಲೆ ಬಲೆ ನೇಯ್ದಂತೆ ಗೆರೆ ಮೂಡಿದವು. ನೋಡಿದವರು ಸಂತೋಷಪಟ್ಟರು. ನನಗೆ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ.

ಆಗ ಒಂದು ಬೆಳಿಗ್ಗೆ ಖಾಜಾಬಿ ಎರಡನೆಯ ಪಾಲು ಅಳೆಯುತ್ತ ಕೈ ತಡೆದಳು. ಮುಖ ಎತ್ತಲಿಲ್ಲ.

"ಕಾಕಾ, ನಾನು ಕೇಳಬಾರದು. ನೀವು ಮನಿಯವ್ರು ಹೇಳೂತನಕ ನಾನು ಹಾಕಬೇಕು, ಹಾಕ್ತೀನಿ. ಆದ್ರ ಮೂಲಿ ಮನಿ ಅಯ್ಯಮ್ಮ ಹಡದು ಇಪ್ಪತ್ತು ದಿನ ಆತು. ಹೊಸದಾಗಿ ಬಂದಾಳ, ಆಕಿಗೆ ಪಾಲಿಲ್ಲ. ಈ ಓಣ್ಯಾಗ ಒಂದು ಪಾಲು ಖಾಲಿ ಆದ್ರನ ಆಕಿಗೆ. ಗಂಡನ ಪಾಲಿನ್ಯಾಗ ಮೂರು ಮಂದಿ ಅದಾರ."

"ಹೂಂ," ಎಂದೆ. ಅವಳು ಗಾಡಿ ತಳ್ಳಿಕೊಂಡು ಹೋದಳು. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ: ಆ ಮಾತು ಕೇಳಿದ ಮೇಲೂ ನಾನು ಹನ್ನೊಂದು ದಿನ ಆ ನೀರು ತೆಗೆದುಕೊಂಡೆ. ಕೆಟ್ಟವನಾಗಿ ಅಲ್ಲ, ಒಳ್ಳೆಯವನಾಗಿಯೂ ಅಲ್ಲ. ಮಾತು ಕಿವಿಗೆ ಬಿದ್ದು ಅಲ್ಲೇ ನಿಂತುಬಿಟ್ಟಿತ್ತು. ಪಾಲು ನಿಲ್ಲಿಸಿದರೆ ಬಳ್ಳಿ ಸಾಯುತ್ತದೆ, ಬಳ್ಳಿ ಸತ್ತರೆ ಅವಳು ಮಾಡಿದ್ದು ಏನೂ ಉಳಿಯುವುದಿಲ್ಲ ಎಂಬುದಷ್ಟೇ ತಲೆಯಲ್ಲಿತ್ತು.

ಹನ್ನೆರಡನೆಯ ದಿನ ನೆರಳುಬಟ್ಟೆಯ ಹಗ್ಗ ಬಿಗಿಯಲು ಹಿತ್ತಲ ಗೋಡೆ ಹತ್ತಿದೆ. ಅಲ್ಲಿಂದ ಮೂಲೆಮನೆಯ ಅಂಗಳ ಕಾಣುತ್ತದೆ. ಅಯ್ಯಮ್ಮ ಕೂಸಿನ ಹೊಲಸು ಬಟ್ಟೆಗೆ ಬೂದಿ ತಿಕ್ಕಿ, ಬಿಸಿಲಿಗೆ ಹಿಡಿದು, ಕೊಡವಿ, ಅದನ್ನೇ ಮತ್ತೆ ಕಟ್ಟುತ್ತಿದ್ದಳು. ಕೂಸಿನ ತೊಡೆ ಕೆಂಪಾಗಿತ್ತು. ಅದು ಅಳುತ್ತಿತ್ತು, ಅವಳು ಅಳುತ್ತಿರಲಿಲ್ಲ. ಅವಳ ಮುಖವನ್ನು ನಾನು ಬಲ್ಲೆ. ಎರಡು ತಿಂಗಳಿನಿಂದ ಕನ್ನಡಿಯಲ್ಲಿ ನೋಡುತ್ತಿದ್ದ ಮುಖ ಅದು. ಗೋಡೆ ಇಳಿದೆ. ಕಾಲು ನಡೆದವು, ನಾನು ಅವುಗಳ ಹಿಂದೆ ಹೋದೆ. ಹೆಬ್ಬೆಟ್ಟು ಒತ್ತಿ ಬಂದೆ. ಹುಲಿಗೆಮ್ಮ ಅವತ್ತು ಎರಡನೆಯ ಸಲ ತೀರಿಕೊಂಡಳು.

ಮರುದಿನ ಖಾಜಾಬಿ ಒಂದೇ ಪಾಲು ಅಳೆದು, ಹಿತ್ತಲ ಕಡೆ ನೋಡಿ, "ಬಳ್ಳಿ ಒಣಗ್ತಾವಲ್ರಿ ಕಾಕಾ," ಎಂದಳು.

"ಒಣಗ್ಲಿ ಬಿಡು," ಎಂದೆ.

ನಾಲ್ಕು ದಿನಕ್ಕೆ ಎಲೆಗಳು ಮುದುಡಿದವು. ಏಳು ಕಾಯಿ ಬಾಡಿ ಸುಕ್ಕುಗಟ್ಟಿದವು. ನಾನು ಹಿತ್ತಲಿಗೆ ಹೋಗುವುದನ್ನು ಬಿಟ್ಟೆ. ಬೇರೆ ಕೆಲಸವಿಲ್ಲದೆ ನಿಮ್ಮ ನೋಟುಬುಕ್ಕಿನ ಮುಂದಿನ ಪುಟ ತೆರೆದರೆ ಅಲ್ಲಿ ಹೀಗಿತ್ತು: "ಬಲೆ ಪೂರ್ತಿ ಮೂಡಿದ ಮೇಲೆ ನೀರು ಕಡಿಮೆ ಮಾಡಬೇಕು. ಕರುಣೆ ತೋರಿಸಿ ನೀರು ಕೊಟ್ಟರೆ ಹಣ್ಣು ಸಪ್ಪೆಯಾಗುತ್ತದೆ." ಓದಿ, ಮುಚ್ಚಿಟ್ಟು, ಮಲಗಿದೆ.

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಮನೆಯೊಳಗೆ ಒಂದು ವಾಸನೆ ಬಂತು. ಯಾವುದೆಂದು ತಿಳಿಯದೆ ಅಡುಗೆಮನೆ ಹುಡುಕಿದೆ, ಹಾಸಿಗೆ ಕೊಡವಿದೆ. ಎರಡು ತಿಂಗಳಲ್ಲಿ ನನ್ನ ಮೂಗಿಗೆ ಬಂದ ಮೊದಲ ವಾಸನೆ ಅದು ಎಂಬುದು ಆಮೇಲೆ ಹೊಳೆಯಿತು. ಹಿತ್ತಲ ಬಾಗಿಲು ತೆಗೆದೆ. ಒಣಗಿದ ಎಲೆಗಳ ಕೆಳಗೆ ಎರಡು ಹಣ್ಣು ಇದ್ದವು. ದೊಡ್ಡದನ್ನು ಮುಟ್ಟಿದೆ ಅಷ್ಟೆ. ತೊಟ್ಟು ತಾನಾಗಿ ಕಳಚಿ ಅದು ನನ್ನ ಕೈಗೆ ಬಂತು.

ಒಯ್ದು ಮೂಲೆಮನೆಯ ಕಟ್ಟೆಯ ಮೇಲೆ ಕೊಯ್ದೆವು. ಖಾಜಾಬಿಯೂ ಗಾಡಿ ನಿಲ್ಲಿಸಿ ಬಂದಳು. ಅಯ್ಯಮ್ಮನ ಅಂಗಳದಲ್ಲಿ ಒಗೆದ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಅವಳು ಒಂದು ಹೋಳು ತಿಂದು, ಇನ್ನೊಂದು ತೆಗೆದುಕೊಂಡು, "ಭಾಳ ಸೀ ಐತ್ರಿ. ನೀವು ಬೆಳದ್ರೇನ್ರಿ?" ಎಂದಳು.

"ಅಲ್ಲವ್ವ. ನನ್ನ ಹೇಣ್ತಿ," ಎಂದೆ.

"ಆಕಿ ಎಲ್ಲಿ ಅದಾಳ್ರಿ?"

ಖಾಜಾಬಿ ಅವಳ ಮೊಣಕೈ ಹಿಡಿದಳು. ನಾನು ಉತ್ತರ ಹೇಳಲು ಬಾಯಿ ತೆರೆದೆ, ಹಣ್ಣಿನ ಹೋಳು ಬಾಯಲ್ಲಿರುವಾಗಲೇ ಅತ್ತುಬಿಟ್ಟೆ. ಅದು ಸಿಹಿಯಾಗಿತ್ತು. ಅಷ್ಟನ್ನು ಖಚಿತವಾಗಿ ಬರೆಯಬಲ್ಲೆ. ಇಬ್ಬರು ಹೆಂಗಸರು ಬೇರೆ ಕಡೆ ನೋಡುತ್ತ, ನನ್ನ ಪಾಡಿಗೆ ನನ್ನನ್ನು ಬಿಟ್ಟರು. ಮುಚ್ಚುಹೊತ್ತಿನ ಗಂಟೆ ಹೊಡೆಯುವವರೆಗೂ ಯಾರೂ ಏಳು ಎನ್ನಲಿಲ್ಲ.

ಈಗ ಮತ್ತೆ ಮೊದಲಿನಂತೆಯೇ ಇದ್ದೇನೆ, ಹೆಚ್ಚುಕಡಿಮೆ. ಊಟದಲ್ಲಿ ಉಪ್ಪು ಕಡಿಮೆಯಾದರೆ ತಿಳಿಯುತ್ತದೆ.

ನಿಮ್ಮಲ್ಲಿ ಕೇಳಿಕೊಳ್ಳಲು ಒಂದು ಮಾತಿದೆ. ಹುಲಿಗೆಮ್ಮ ಬೆಳೆದ ಹಣ್ಣನ್ನು ನಾನು ಇಪ್ಪತ್ತಾರು ವರ್ಷ ತಿಂದೆ. ಆ ಇಪ್ಪತ್ತಾರು ವರ್ಷದಲ್ಲಿ ಒಂದು ಬೆಳಿಗ್ಗೆಯೂ ಹಿತ್ತಲಿಗೆ ಹೋಗಿ, ಏನು ಮಾಡುತ್ತಿದ್ದೀಯೆಂದು ಕೇಳಲಿಲ್ಲ. ಗಂಡು ಹೂವು ಯಾವುದು, ಹೆಣ್ಣು ಯಾವುದು ಎಂಬುದನ್ನು ನೀರಗಂಟಿಯಿಂದ ಕಲಿಯಬೇಕಾಯಿತು. ನಿಮ್ಮ ಮನೆಯಲ್ಲೂ ಒಳಗೆ ಮಲಗಿರುವವರು ಯಾರಾದರೂ ಇದ್ದಾರು. ನಾಳೆ ಬೆಳಿಗ್ಗೆ ಅವರನ್ನು ಕೂಗಿ ಎಬ್ಬಿಸಿ. ಅವರು ಬೈದರೂ ಸರಿ, ಕೈ ಹಿಡಿದು ಹಿತ್ತಲಿಗೆ ಕರೆತನ್ನಿ. ಏನೂ ಕಲಿಸಬೇಕಾಗಿಲ್ಲ. ಮಗ್ಗುಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಿ.

ಇಂತಿ,
ಯಂಕೋಬ