ಇಳಿಜಾರಿನಲ್ಲಿ ಹಿಂದಿನ ಭಾರ

ಶಹಾಬಾದ
ಶನಿವಾರ, 16 ನವೆಂಬರ್ 2024

ಪ್ರೀತಿಯ ಯಜಮಾನರಿಗೆ ನಿಮ್ಮ ಭಾಗ್ಯಜ್ಯೋತಿಯ ಶರಣು.

ಹೇಗಿದ್ದೀರಿ? ಬೆರಳಿನ ಹೊಲಿಗೆ ಬಿಚ್ಚಿಸಿದಿರಾ? ಊಟ ಯಾರು ಮಾಡಿ ಹಾಕುತ್ತಾರೆ? ಚಿಂಚೋಳಿ ಕಡೆ ಬೆಳಗಿನ ಚಳಿ ಜೋರು ಎಂದು ನಮ್ಮ ಓಣಿಯ ಸಿದ್ಧಲಿಂಗ ಹೇಳಿದ. ಕಲ್ಲು ಒಡೆಯುವ ಖಡಿ ಮಷೀನಿನ ಧೂಳಿನಲ್ಲಿ ನಿಮಗೆ ಕೆಮ್ಮು ಹತ್ತಿದೆ ಎಂಬುದನ್ನೂ ಅವನೇ ಹೇಳಿದ್ದು. ನಿಮ್ಮ ಫೋನ್ ಬಂದ್ ಆಗಿ ಎಷ್ಟೋ ದಿನವಾಯಿತು. ಅಲ್ಲಿಗೆ ಬಂದರೆ ನೀವು ಇನ್ನೂ ದೂರ ಹೋಗಿಬಿಡುತ್ತೀರಿ ಎಂದು ಹೆದರಿ ನಾನು ಬಂದಿಲ್ಲ. ಸಿದ್ಧಲಿಂಗ ತನ್ನ ಅಕ್ಕನನ್ನು ನೋಡಲು ಇವತ್ತು ಚಿಂಚೋಳಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದದೆ ಮಡಚಿ ಇಡಬೇಡಿ. ಅವನು ಎದುರಿಗೆ ಕುಂತು ಓದಿಸಿಯೇ ಬರುತ್ತೇನೆ ಎಂದಿದ್ದಾನೆ.

ಮನೆಯ ಸುದ್ದಿ ಹೇಳುವುದಾದರೆ, ಅತ್ತೆಯವರು ಊಟ ಮಾಡುತ್ತಾರೆ, ಮಾಡುತ್ತಾರೆ ಎಂದಷ್ಟೇ. ಚನ್ನುವಿನ ಅಂಗಿಗಳನ್ನು ಒಗೆದು ಗಳದ ಮೇಲೆ ಹಾಕಿದವರು ಇನ್ನೂ ತೆಗೆದಿಲ್ಲ, ನನಗೂ ತೆಗೆಯಗೊಡುವುದಿಲ್ಲ. ಓಣಿಯವರು ಮಾತಾಡಿಸಲು ಬಂದರೆ ಒಂದೇ ಮಾತು: "ಒಬ್ಬನ್ನ ಗಾಡಿ ಒಯ್ತು, ಇನ್ನೊಬ್ಬ ತಾನ ಎದ್ದು ಹ್ವಾದ." ಅಂಗನವಾಡಿಗೆ ದಿನಾ ಹೋಗುತ್ತಿದ್ದೇನೆ. ಮಕ್ಕಳ ಗದ್ದಲದಲ್ಲಿ ಮಧ್ಯಾಹ್ನದವರೆಗೆ ಹೇಗೋ ಕಳೆಯುತ್ತದೆ. ಆಮೇಲೆ ಮನೆಯ ದಾರಿ ಹಿಡಿಯಬೇಕಲ್ಲ, ಅಲ್ಲಿಂದ ಕಷ್ಟ.

ನಿಮಗೆ ಬರೆಯಬೇಕಾದದ್ದಕ್ಕೆ ಬರುತ್ತೇನೆ. ನೀವು ಮನೆ ಬಿಡುವ ಹಿಂದಿನ ದಿನ ಹಿತ್ತಲಿನ ಕಲ್ಲಿನ ಮೇಲೆ ಕುಳಿತು, "ನಾ ಬ್ರೇಕ್ ತಡಾ ಮಾಡಿ ತುಳದೆ ಭಾಗ್ಯಾ. ನನ್ನ ಕಾಲ ನನ್ನ ತಮ್ಮನ್ನ ಕೊಂದದ," ಎಂದಿರಿ. ಆ ಮಾತನ್ನು ಹೊತ್ತುಕೊಂಡೇ ನೀವು ಹೋದಿರಿ. ನಾನೂ ಅದನ್ನು ಹೊತ್ತುಕೊಂಡೇ ಉಳಿದೆ. ಸುಳ್ಳು ಹೇಳುವುದಿಲ್ಲ, ಕೆಲವು ದಿನ ನಾನೂ ಅದನ್ನು ನಂಬಿದ್ದೆ. ತಡ ಮಾಡದಿದ್ದರೆ ಹುಡುಗ ಉಳಿಯುತ್ತಿದ್ದನೇನೋ ಎಂದು ರೊಟ್ಟಿ ತಟ್ಟುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ.

ನಮ್ಮ ಅಂಗನವಾಡಿಗೆ ಬರುವ ಒಂದು ಮಗುವಿನ ತಾಯಿ ಅಸ್ಫಿಯಾ ಅಂತ, ಪಾಲಿಟೆಕ್ನಿಕ್‌ನಲ್ಲಿ ವಾಹನಗಳ ಬಗ್ಗೆ ಪಾಠ ಮಾಡುತ್ತಾರೆ. ಒಂದು ದಿನ ಮಗುವನ್ನು ಕರೆದೊಯ್ಯಲು ಬಂದವರು ನನ್ನ ಮುಖ ನೋಡಿ ನಿಂತರು. ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟೆ. ಸೇಡಂಗೆ ಹೊರಟ ಎರಡು ಟ್ರಾಲಿ ಫರ್ಶಿ ಕಲ್ಲು, ವಾಡಿ ದಾಟಿ ಚಿತ್ತಾಪುರದ ರಸ್ತೆ, ಹಳ್ಳದ ಸೇತುವೆಗೆ ಇಳಿಯುವ ಆ ಇಳಿಜಾರು, ಮಡ್‌ಗಾರ್ಡಿನ ಮೇಲೆ ಕುಳಿತಿದ್ದ ಮೈದುನ ಚನ್ನು, ಹಿಂದಿನಿಂದ ನೂಕಿಸಿಕೊಂಡು ಅಡ್ಡ ತಿರುಗಿದ ಟ್ರಾಕ್ಟರ್. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. "ಟ್ರಾಲಿಗೆ ಬ್ರೇಕ್ ಇತ್ತೇನ್ರಿ?" ಎಂದು ಕೇಳಿದರು. ಎರಡಕ್ಕೂ ಇರಲಿಲ್ಲ ಎಂದೆ. ಅದು ನನಗೆ ಗೊತ್ತಿತ್ತು. ಟ್ರಾಲಿಗೆ ಬ್ರೇಕ್ ಹಾಕಿಸಿ ಎಂದು ನೀವು ಕೇಳಿದಾಗ ಟ್ರಾಕ್ಟರಿನ ಸಾಹುಕಾರರು ಏನೆಂದರು ಎಂಬುದನ್ನು ನೀವೇ ಮನೆಗೆ ಬಂದು ಹೇಳಿದ್ದಿರಿ: "ಇಂಜಿನ್ ಎಳೀಲಿಕತ್ತದಲ್ಲೋ? ಎಳೀತದ ಅಂದ್ರ ಭಾರ ಭಾಳ ಆಗಿಲ್ಲಂತನ ತಿಳಕೋ."

ಅಸ್ಫಿಯಾ ಅವರು ತಪ್ಪು ಅಲ್ಲೇ ಇದೆ ಎಂದರು. "ಎಳಿಯೋದು ಇಂಜಿನ್ ಕೆಲಸ ಟೀಚರ್. ನಿಲ್ಲಸೋದು ಬ್ರೇಕಿಂದು, ಗಾಲಿ ನೆಲಾ ಹಿಡಿಯೋದ್ರದು. ಸಣ್ಣ ಗೇರಿನ್ಯಾಗ ಸಪಾಟ ರಸ್ತಾದ ಮ್ಯಾಲ ಟ್ರಾಕ್ಟರ್ ತನ್ನ ತೂಕದ ಎಷ್ಟೋ ಪಟ್ಟು ಎಳೀತದ. ಆದ್ರ ನಿಲ್ಲಸೂ ಹೊತ್ತಿಗೆ ಅದಕ್ಕ ತನ್ನ ತೂಕ ಅಷ್ಟ ಆಸರ." ಬ್ರೇಕ್ ಇಲ್ಲದ ಟ್ರಾಲಿಗೆ ಇಷ್ಟೇ ಭಾರ ಎಂದು ಟ್ರಾಕ್ಟರ್ ಮಾಡಿದ ಕಂಪನಿಯೇ ಹೇಳಿರುತ್ತದಂತೆ. ಬ್ರೇಕ್ ಇದ್ದ ಟ್ರಾಲಿಗೆ ಹೇಳುವುದಕ್ಕಿಂತ ಅದು ಬಹಳ ಕಡಿಮೆ. ಅದರಲ್ಲಿ ಟ್ರಾಲಿಯ ಸ್ವಂತ ತೂಕವೂ ಸೇರಬೇಕು, ಇಳಿಜಾರಿದ್ದರೆ ಇನ್ನೂ ಇಳಿಸಬೇಕು. ಟ್ರಾಲಿ ಅರ್ಧವೂ ತುಂಬಿರಲಿಲ್ಲವಂತೆ ಎಂದು ನಾನು ನಿಮ್ಮ ಮಾತನ್ನೇ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ತೊಗರಿ ಕಟ್ಟಿಗೆ ತಲೆಮಟ್ಟ ಹೇರಿದರೂ ಹಗುರ, ಫರ್ಶಿ ಮೊಣಕಾಲಮಟ್ಟ ನಿಲ್ಲಿಸಿದರೂ ಗಾಡಿಯ ಶಕ್ತಿ ಮೀರಿರುತ್ತದೆ, ಕಲ್ಲಿನ ಭಾರವನ್ನು ಕಣ್ಣಿನಿಂದ ಅಳೆಯಲು ಬರುವುದಿಲ್ಲ ಎಂದರು.

ಕೇಳಿದೆ, ಆದರೆ ಒಳಗೆ ಇಳಿಯಲಿಲ್ಲ. ಮೊದಲೇ ತುಳಿದಿದ್ದರೆ ನಿಲ್ಲುತ್ತಿತ್ತಲ್ಲವೇ ಎಂದು ಮತ್ತೆ ಮತ್ತೆ ಅದನ್ನೇ ಕೇಳಿದೆ. ಪಾಪ, ಅವರಿಗೂ ಸಾಕಾಗಿರಬೇಕು. ಹೋದ ಭಾನುವಾರ ನನ್ನನ್ನು ತಮ್ಮ ಮಾವನವರ ಫರ್ಶಿ ಪಾಲಿಶ್ ಯಾರ್ಡಿಗೆ ಕರೆದೊಯ್ದರು. ಲಾರಿಗೆ ಮಾಲು ಹೇರುವ ಕಟ್ಟೆಗೆ ಅಲ್ಲೊಂದು ಇಳಿಜಾರಿದೆ. ಕೈಗಾಡಿಯ ಮೇಲೆ ನಾಲ್ಕು ಫರ್ಶಿ ಇಡಿಸಿದರು. ಹಿಂದೆ ಹಗ್ಗ ಕಟ್ಟಿಸಿ ಇಬ್ಬರು ಆಳುಗಳ ಕೈಗೆ ಕೊಟ್ಟರು. ಮುಂದಿನ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟು, "ಸಪಾಟ ನೆಲದಾಗ ಎಳೀರಿ," ಎಂದರು. ಎಳೆದೆ. ಬಂತು. ನನ್ನಂಥವಳ ಕೈಗೂ ಸುಲಭವಾಗಿ ಬಂತು. "ಈಗ ಇಳೀರಿ. ಮೊದಲನೇ ಹೆಜ್ಜಿಯಿಂದಾನ ಬಿಗಿ ಹಿಡೀರಿ, ತಡಾ ಮಾಡಬ್ಯಾಡ್ರಿ," ಎಂದರು.

ನಾನು ತಡ ಮಾಡಲಿಲ್ಲ. ಇಳಿಜಾರು ಶುರುವಾಗುವ ಮುಂಚೆಯೇ ಬೆನ್ನು ಹಿಂದೆ ಒತ್ತಿ, ಹಿಮ್ಮಡಿ ಊರಿ ನಿಂತೆ. ಆ ಗಾಡಿಗೆ ನಾನು ಇದ್ದೇನೆಂಬುದೇ ಗೊತ್ತಾಗಲಿಲ್ಲ. ಚಪ್ಪಲಿ ಕಲ್ಲಪುಡಿಯ ಮೇಲೆ ಜಾರಿತು, ಹಿಡಿಕೆ ಪಕ್ಕಕ್ಕೆ ತಿರುಗಿತು, ನಾನೂ ಅದರ ಜೊತೆ ಅಡ್ಡ ತಿರುಗಿದೆ, ಫರ್ಶಿಗಳು ನನ್ನ ಪಕ್ಕೆಗೆ ಬಂದವು. ಆಳುಗಳು ಹಗ್ಗ ಜಗ್ಗಿ ಹಿಡಿಯದಿದ್ದರೆ ಈ ಪತ್ರ ಬರೆಯುವ ಕೈ ಇರುತ್ತಿರಲಿಲ್ಲ. ಅಲ್ಲೇ ಧೂಳಿನಲ್ಲಿ ಕುಳಿತು ಅತ್ತುಬಿಟ್ಟೆ. ಹುಡುಗ ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಚನ್ನು ಕಡೆಯ ಗಳಿಗೆಯಲ್ಲಿ ಕಂಡದ್ದು ಇದನ್ನೇ ಎಂದು ತಿಳಿಯಿತು. ನಿಮ್ಮ ಕಾಲ ಕೆಳಗೆ ಬ್ರೇಕ್ ಇತ್ತು, ಆದರೆ ಅದು ಟ್ರಾಕ್ಟರಿನ ಬ್ರೇಕ್. ಹಿಂದೆ ಬರುತ್ತಿದ್ದ ಅಷ್ಟೂ ಕಲ್ಲನ್ನು ತಡೆಯಲು ಅಲ್ಲಿ ಏನೂ ಇರಲಿಲ್ಲ.

ನಿಮಗೆ ಸುಳ್ಳು ಸಮಾಧಾನ ಬರೆಯಬಾರದು ಎಂದುಕೊಂಡಿದ್ದೇನೆ, ಆದ್ದರಿಂದ ಇದನ್ನೂ ಬರೆಯುತ್ತೇನೆ. ಮೇಲಿನಿಂದಲೇ ಸಣ್ಣ ಗೇರಿನಲ್ಲಿ ಇಳಿದಿದ್ದರೆ ಚನ್ನು ಉಳಿಯುತ್ತಿದ್ದನೇ ಎಂದು ಕೇಳಿದೆ. "ಹೇಳಾಕ ಬರಂಗಿಲ್ಲ ಟೀಚರ್. ಅವತ್ತು ಉಳದ್ರೂ ಇನ್ನೊಂದ ದಿನ ಅದ ಗಾಡಿ, ಅದ ಇಳಿಜಾರು," ಎಂದರು ಅಸ್ಫಿಯಾ. ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂಡಿಸಬಾರದಿತ್ತು, ಅದೂ ನಿಜ. ಆ ದಿನ ಚನ್ನು, "ವೈನಿ, ಸೇಡಂ ನೋಡಿ ಸಂಜೀಕ ಬರ್ತೀನಿ," ಎಂದು ನಗುತ್ತ ಹತ್ತಿದಾಗ ನಾನೂ ಬಾಗಿಲಲ್ಲಿ ನಿಂತು ನಕ್ಕೆ. ನಾವ್ಯಾರೂ ಬೇಡ ಅನ್ನಲಿಲ್ಲ. ಅಷ್ಟು ಪಾಲು ನಮ್ಮದು, ಅದನ್ನು ಇಬ್ಬರೂ ಸೇರಿ ಹೊರೋಣ. ಉಳಿದ ಪಾಲು ಬ್ರೇಕ್ ಇಲ್ಲದ ಟ್ರಾಲಿಯ ಹಿಂದೆ ಇನ್ನೊಂದು ಟ್ರಾಲಿ ಕಟ್ಟಿಸಿದವರದು. ಅದನ್ನೂ ನೀವೇ ಹೊತ್ತುಕೊಂಡು ಚಿಂಚೋಳಿಯಲ್ಲಿ ಕೂತರೆ ಹೇಗೆ?

ಯಾರ್ಡಿನಿಂದ ಬಂದು ಅತ್ತೆಯವರ ಎದುರು ಕುಳಿತು ಎಲ್ಲ ಹೇಳಿದೆ. ನನ್ನ ತರಚಿದ ಮೊಣಕೈ ಹಿಡಿದು ಅರಿಶಿನ ಹಚ್ಚಿದರು. ಆಮೇಲೆ ಮಾತಾಡಿದರು. "ನಿಮ್ಮ ಮಾವ ಬಂಡಿ ಹೊಡೀತಿದ್ದಾಗ ಇಳಕಲಿನ್ಯಾಗ ಹಿಂದ ಇಬ್ರು ಹಗ್ಗಾ ಹಿಡೀತಿದ್ರು. ಎತ್ತಿನ ಮ್ಯಾಲ ಭಾರ ಬೀಳಬಾರದಂತ. ನನ್ನ ಮಗನ ಹಿಂದ ಯಾರ ಹಿಡದಿದ್ರವ್ವಾ?" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಅಂಬೂಗ ಬರಾಕ ಹೇಳು. ನಾ ಅವಂಗ ಏನೂ ಅನ್ನಂಗಿಲ್ಲ. ಒಂದ ಸಲ ತಲಿ ಮುಟ್ಟತೀನಿ, ಅಷ್ಟ," ಎಂದರು. ಇದರಲ್ಲಿ ನಾನು ಒಂದಕ್ಷರವನ್ನೂ ಸೇರಿಸಿಲ್ಲ.

ನೀವು ಅವತ್ತು ಪೊಲೀಸರ ಮುಂದೆ ಗಾಡಿ ಚೆನ್ನಾಗಿತ್ತು, ತಪ್ಪೆಲ್ಲ ನನ್ನದೇ ಎಂದು ಹೇಳಿ ಸಹಿ ಹಾಕಿದಿರಿ. ಚನ್ನುವಿನ ಮೈಮೇಲೆ ಆಗಿನ್ನೂ ಬಟ್ಟೆ ಹೊದಿಸಿರಲಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಅದಕ್ಕೆ ಸಹಿ ಹಾಕುತ್ತಿದ್ದಿರಿ. ವಕೀಲರನ್ನು ಕಂಡೆ. ಎರಡು ಟ್ರಾಲಿ ಕಟ್ಟಿದ್ದು ಯಾರ ಮಾತಿನಿಂದ, ಬ್ರೇಕ್ ಬೇಕು ಎಂದು ನೀವು ಯಾವಾಗ ಕೇಳಿದಿರಿ, ಎಲ್ಲವನ್ನೂ ಕೋರ್ಟಿನಲ್ಲಿ ಹೇಳಲು ಬರುತ್ತದಂತೆ. ಆದರೆ ಹೇಳಬೇಕಾದವರು ನೀವು. ಶಿಕ್ಷೆ ಪೂರ್ತಿ ತಪ್ಪುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆಗುವುದು ಆಗಲಿ, ನಿಜ ಹೇಳಿ ಆಗಲಿ.

ಕೆಮ್ಮಿಗೆ ಔಷಧ ಮತ್ತು ಅತ್ತೆಯವರು ಮಾಡಿದ ಶೇಂಗಾ ಹಿಂಡಿ ಕಳಿಸಿದ್ದೇನೆ. ಸ್ವೆಟರೂ ಇದೆ. ಅತ್ತೆಯವರ ಆಶೀರ್ವಾದ ನಿಮಗೆ ಮುಟ್ಟಲಿ. ಬಸವಣ್ಣ ನಿಮ್ಮ ಮನಸ್ಸನ್ನು ಮನೆಯ ಕಡೆ ತಿರುಗಿಸಲಿ.

ದಾರಿ ನೋಡುತ್ತಿರುವ,
ಭಾಗ್ಯಜ್ಯೋತಿ

ತಾ.ಕ.: ಪತ್ರ ಮಡಚುವಾಗ ಪಕ್ಕದ ಓಣಿಯ ಹಮೀದಾಬಿ ಅಳುತ್ತ ಬಂದರು. ಸಾಹುಕಾರರು ಆ ಟ್ರಾಕ್ಟರನ್ನು ರಿಪೇರಿ ಮಾಡಿಸಿ ಬಣ್ಣ ಹೊಡೆಸಿದ್ದಾರೆ. ಸೋಮವಾರದಿಂದ ಅದನ್ನು ಹಮೀದಾಬಿಯ ಮಗ ಮುದಸ್ಸಿರ್ ಓಡಿಸುತ್ತಾನಂತೆ. ಅವೇ ಎರಡು ಟ್ರಾಲಿ, ಅದೇ ಸೇಡಂ ದಾರಿ. ಓಡಿಹೋಗಿ ಅವನಿಗೆ ಎಲ್ಲ ಹೇಳಿದೆ, ಮೊಣಕೈ ತೋರಿಸಿದೆ. "ಭಾಬಿ, ಅಂಬಾರಾಯಣ್ಣನೇ ಪೊಲೀಸರ ಮುಂದ ಹೇಳ್ಯಾನಲ್ಲ, ಗಾಡಿ ಛಲೋ ಅದ, ತಪ್ಪು ತನ್ನದ ಅಂತ. ಹತ್ತು ವರ್ಷ ಓಡಿಸಿದಾಂವ ಅಂವ, ಅವಂಗಿಂತ ನಿಮಗ ಹೆಚ್ಚ ಗೊತ್ತೇನು? ನಾ ಹುಷಾರಿಂದ ಓಡಸ್ತೀನಿ," ಎಂದ. ಅವನು ನಿಮ್ಮ ಮಾತನ್ನು ನಂಬಿ ಆ ಸೀಟಿನ ಮೇಲೆ ಕೂಡಲು ಹೊರಟಿದ್ದಾನೆ. ನನಗೆ ಫೋನ್ ಮಾಡದಿದ್ದರೂ ಸರಿ, ಸಿದ್ಧಲಿಂಗನ ಫೋನಿನಿಂದ ಈಗಲೇ ಮುದಸ್ಸಿರ್‌ಗೆ ಮಾಡಿ. ಆ ಮಾತು ಸುಳ್ಳು ಎಂದು ನಿಮ್ಮ ಬಾಯಿಂದಲೇ ಹೇಳಿ.